ಶನಿವಾರದ ಶೀರಾ

ಅತ್ತೆ, ಹೋಟೆಲಿನ ನೀರನ್ನೂ ಮುಟ್ಟದ ನಿಮಗೆ ನಾನು ವರ್ಷಗಟ್ಟಲೆ ಹೋಟೆಲಿನ ಶೀರಾ ತಿನ್ನಿಸಿದೆ — ದೇವರ ಪ್ರಸಾದವೆಂದು ಹೇಳಿ.

ಇಷ್ಟು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಒಂದೇ ಸಾಲು. ನೀವಿದ್ದಿದ್ದರೆ ನಗುತ್ತಿದ್ದಿರೋ, ಊಟ ಬಿಡುತ್ತಿದ್ದಿರೋ — ನನಗೆ ತಿಳಿಯದು. ತಿಳಿದುಕೊಳ್ಳುವ ಧೈರ್ಯ ಆಗ ನನಗಿರಲಿಲ್ಲ.

ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ಬೊಂಬಾಯಿಯ ಪರೇಲಿನಲ್ಲಿ, ಚಾಳಿನ ಒಂದೇ ಕೋಣೆಯಲ್ಲಿ ನಾವು ಮೂವರು — ನೀವು, ನಾನು, ನಿಮ್ಮ ಮಗ. ಅವರು ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು. ಊರೆಲ್ಲ ಸಾಲು ನಿಂತು ತಿನ್ನುವ ಆ ಹೋಟೆಲಿನ ಇಡ್ಲಿಯನ್ನು ಅವರ ಹೆತ್ತಮ್ಮ ಒಂದು ದಿನವೂ ಬಾಯಿಗಿಟ್ಟವರಲ್ಲ. ಮಾವ ತೀರಿಕೊಂಡ ಮೇಲೆ ನೀವು ಹಿಡಿದ ಮಡಿ ಅಷ್ಟು ಗಟ್ಟಿ. ನಮ್ಮ ಮನೆಯ ಒಲೆಯದು, ಇಲ್ಲವೇ ದೇವರ ಪ್ರಸಾದ — ಇವೆರಡೇ ನಿಮ್ಮ ಗಂಟಲಲ್ಲಿ ಇಳಿಯುತ್ತಿದ್ದದ್ದು.

ನಾನು ಬೆಳಿಗ್ಗೆ ನಮ್ಮದೇ ಚಾಳಿನ ಕೆಳಗಿನ ಕೋಣೆಯ ಬಾಲವಾಡಿಯಲ್ಲಿ ಸಹಾಯಕ್ಕೆ ಹೋಗುತ್ತಿದ್ದೆ. ಮಿಲ್ಲಿನವರ ಮಕ್ಕಳು, ಬಿಲ್ಡಿಂಗ್ ಕೆಲಸಕ್ಕೆ ಬಂದ ವಿಜಾಪುರ, ಕಲಬುರ್ಗಿ ಕಡೆಯವರ ಮಕ್ಕಳು. ಅಳುವವರನ್ನು ಎತ್ತಿಕೊಳ್ಳುವುದು, ಹಾಡು ಹೇಳುವುದು, ಕೈ ತೊಳೆಸುವುದು. ನಮಗಿನ್ನೂ ಮಕ್ಕಳಾಗಿರಲಿಲ್ಲವಲ್ಲ, ಆ ಗಲಾಟೆ ನನಗೆ ಬೇಕಾಗಿತ್ತು. ಟೀಚರಾಗಬೇಕಾದರೆ ಶಿಶುಪಾಲನೆಯ ಸರ್ಟಿಫಿಕೇಟ್ ಬೇಕು, ವಿಲೆ ಪಾರ್ಲೆಯಲ್ಲಿ ಶನಿವಾರ ಮಧ್ಯಾಹ್ನ ಕ್ಲಾಸು, ಎರಡು ವರ್ಷ ಎಂದರು ಬಾಲವಾಡಿಯವರು. ನಾನು ಕುಣಿಯುತ್ತ ಮೇಲೆ ಬಂದು ನಿಮ್ಮಲ್ಲಿ ಕೇಳಿದೆ.

"ಮಕ್ಕಳ ಮೂಗು ಒರೆಸ್ಲಿಕ್ಕೆ ಪರೀಕ್ಷೆ ಎಂತಕ್ಕೆ ಮಾರಾಯ್ತಿ? ಮದುವೆ ಆದವಳು ಪುಸ್ತಕ ಹಿಡ್ಕೊಂಡು ಲೋಕಲ್ ರೈಲಲ್ಲಿ ತಿರುಗಿದ್ರೆ ನಾಲ್ಕು ಜನ ಎಂತ ಹೇಳಿಯಾರು?" ಎಂದಿರಿ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಎಲ್ಲಿಗಾದ್ರೂ ಹೋಗ್ಬೇಕು ಅಂತ ಉಂಟಾದ್ರೆ ಭಜನೆಗೆ ಹೋಗು. ನಾನು ಬೇಡ ಹೇಳುದಿಲ್ಲ."

ಮುಂದಿನ ಶನಿವಾರ ನಾನು ಸೀರೆ ಬದಲಿಸುತ್ತಿದ್ದಾಗ ನೀವು ಎಲ್ಲಿಗೆ ಎಂದಿರಿ. "ಭಜನೆಗೆ ಅತ್ತೆ. ವಿಲೆ ಪಾರ್ಲೆಗೆ." ನಾಲಿಗೆ ತಡವರಿಸಲೂ ಇಲ್ಲ. ನಿಮ್ಮ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸುಳ್ಳಿಗೆ ಒಂದು ಬಾಲ ಇರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಸಂಜೆ ಮನೆಗೆ ಬಂದರೆ ನೀವು ಕೈಕಾಲು ತೊಳೆದು ಮಣೆಯ ಮೇಲೆ ಕೂತಿದ್ದಿರಿ. "ಪ್ರಸಾದ ಎಲ್ಲಿ?" ಎಂದಿರಿ. ಮಧ್ಯಾಹ್ನದ ಊಟವನ್ನೇ ಮಾಡಿರಲಿಲ್ಲ ನೀವು. ಸೊಸೆ ಭಜನೆಗೆ ಹೊರಟದ್ದೇ, ಶನಿವಾರ ಪ್ರಸಾದ ತಿಂದೇ ಊಟ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿದ್ದಿರಿ — ಒಂದು ಮೊಮ್ಮಗುವಿಗಾಗಿ. ನಾನು ಮರೆತೆ ಎಂದೆ. ನೀವು ಬೈಯಲಿಲ್ಲ, ಅದೇ ಕಷ್ಟ. ನೀರು ಕುಡಿದು ಮಲಗಿದಿರಿ.

ನಿಮ್ಮ ಮಗನಿಗೆ ನನ್ನ ಕ್ಲಾಸಿನ ವಿಷಯ ಗೊತ್ತಿತ್ತು. ಅವರ ಮುಂದೆ ಅತ್ತುಬಿಟ್ಟೆ. "ಹೋಟೆಲಿಂದ ಶೀರಾ ಕಟ್ಟಿಸಿ ಕೊಡ್ತೇನೆ ಮಾರಾಯ್ತಿ. ರವೆ, ತುಪ್ಪ, ಸಕ್ಕರೆ — ದೇವಸ್ಥಾನದಲ್ಲೂ ಅದೇ ಅಲ್ವಾ?" ಎಂದರು. ಅವರು ಹೇಳಿದ್ದು ನಿಜ. ಆದರೆ ನಿಮ್ಮ ಬೊಗಸೆಗೆ ಹಾಕಿದವಳು ನಾನು.

ಹಾಗೆ ಶುರುವಾಯಿತು. ಕ್ಲಾಸು ಬಿಟ್ಟ ಕೂಡಲೇ ಲೋಕಲ್ ಹತ್ತಿ, ಇಳಿಯಬೇಕಾದ ಸ್ಟೇಷನ್ನನ್ನು ಕಿಟಕಿಯಲ್ಲೇ ನೋಡುತ್ತ ದಾಟಿ, ಗ್ರಾಂಟ್ ರೋಡಿಗೆ ಹೋಗುವುದು. ಹೋಟೆಲಿನ ಹಿಂಬಾಗಿಲಲ್ಲಿ ಬಾಳೆಲೆಯ ಪೊಟ್ಟಣ ತೆಗೆದುಕೊಂಡು ಅದರ ಮೇಲೊಂದು ತುಳಸಿ ಎಸಳು ಇಟ್ಟು ವಾಪಸ್ಸು ಬರುವುದು. ನೀವು ಸೆರಗು ತಲೆಗೆ ಹೊದ್ದು, ಎರಡೂ ಕೈಯೊಡ್ಡಿ, ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಿರಿ. "ದೇವರು ಮುಟ್ಟಿದ್ದಕ್ಕೇ ಈ ರುಚಿ. ಮನೆಯಲ್ಲಿ ಎಷ್ಟು ತುಪ್ಪ ಸುರಿದ್ರೂ ಬರುದಿಲ್ಲ." ಒಮ್ಮೆ ಹೋಟೆಲಿನಲ್ಲಿ ಅನಾನಸ್ ಶೀರಾ ಮಾಡಿದ್ದರು. ನೀವು ಒಂದು ತುಂಡು ಬೆರಳಲ್ಲಿ ಹಿಡಿದು ನೋಡಿದಿರಿ. "ನೈವೇದ್ಯಕ್ಕೆ ಅನಾನಸ್ ಹಾಕ್ತಾರಾ ಈಗ?" ಎಂದಿರಿ. "ಬೊಂಬಾಯಿ ದೇವರಲ್ವಾ ಅತ್ತೆ" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸುಖದ ದಿನಗಳು ಅವು, ಸುಳ್ಳು ಹೇಳುವುದಿಲ್ಲ — ಇದೊಂದರಲ್ಲಾದರೂ. ಕ್ಲಾಸಿನಲ್ಲಿ ಮಣ್ಣಿನ ಹಣ್ಣು ಮಾಡಿದೆ, ಚಿಂದಿ ಬಟ್ಟೆಯ ಗೊಂಬೆ ಹೊಲಿದೆ, ಹಠ ಮಾಡುವ ಮಗುವಿನ ಎದುರು ಮೊದಲು ನೆಲಕ್ಕೆ ಕೂರಬೇಕು ಎಂದು ಕಲಿತೆ. ನನ್ನ ಮೈಯೆಲ್ಲ ಹಗುರ. ಒಂದು ಶನಿವಾರ ನಮ್ಮ ಮರಾಠಿ ಟೀಚರು ಹೇಳಿದರು: "ಖೋಟಂ ಸಾಂಗೂನ್ ಮುಲಾಂನಾ ಭರವೂ ನಕಾ." ಸುಳ್ಳು ಹೇಳಿ ಮಕ್ಕಳಿಗೆ ಉಣ್ಣಿಸಬೇಡಿ, ನಂಬಿಕೆ ಹೋದರೆ ಹಸಿವೂ ಹೋಗುತ್ತದೆ ಎಂದು. ನಾನು ಶ್ರದ್ಧೆಯಿಂದ ತಲೆಯಾಡಿಸಿದೆ. ಅಲ್ಲಿಂದ ನೇರ ಗ್ರಾಂಟ್ ರೋಡಿಗೆ ಹೋದೆ.

ಪಾಸಾದೆ. ಸರ್ಟಿಫಿಕೇಟನ್ನು ಬಾಲವಾಡಿಯವರೇ ಮೆಚ್ಚಿ ಕೊಟ್ಟರೆಂದು ನಿಮಗೆ ಹೇಳಿದೆ. ನೀವು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ, "ಎಲ್ಲ ಶನಿವಾರದ ಭಜನೆಯ ಫಲ" ಎಂದಿರಿ. ಆಗ ಹೇಳಬಹುದಿತ್ತು. ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆದೆ ಕೂಡ —

ಹೇಳಲಿಲ್ಲ. ಬದಲಿಗೆ, ಇನ್ನು ಮೇಲಾದರೂ ನಿಜವಾಗಿ ಭಜನೆಗೆ ಹೋಗೋಣ, ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಂಡೆ. ಹೋದೆ. ತಾಳ ಹಾಕಿದೆ, ಹಾಡಿದೆ, ಸಾಲಲ್ಲಿ ನಿಂತು ಪ್ರಸಾದ ತಂದೆ. ಬೆಲ್ಲ, ಅವಲಕ್ಕಿಯ ಪಂಚಕಜ್ಜಾಯ, ಒಂದು ತುಂಡು ಬಾಳೆಹಣ್ಣು. ದೇವರ ಎದುರಿಟ್ಟ, ಅಪ್ಪಟ ಪ್ರಸಾದ. ನೀವು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡಿರಿ. ಮುಖ ಸಣ್ಣದಾಯಿತು.

"ಶೀರಾ ಇಲ್ವಾ ವಾರಿಜಾ? ಮೊದಲಿನ ಹಾಗೆ ಇಲ್ಲ. ಜನರಿಗೆ ಭಕ್ತಿ ಕಮ್ಮಿ ಆಯ್ತು ಕಾಣ್ತದೆ."

ಅದರ ಮುಂದಿನ ಶನಿವಾರ ನಾನು ಭಜನೆಗೆ ಹೋಗಲಿಲ್ಲ. ಗ್ರಾಂಟ್ ರೋಡಿಗೆ ಹೋದೆ.

ಅತ್ತೆ, ನಾನು ಒಪ್ಪಿಕೊಳ್ಳಬೇಕಾದದ್ದು ಇದು. ಮೊದಲ ಸುಳ್ಳಿಗೆ ಓದಿನ ನೆಪವಿತ್ತು. ಎರಡನೆಯದಕ್ಕೆ ಏನೂ ಇರಲಿಲ್ಲ. ನಿಮಗೆ ಬೇಸರವಾಗಬಾರದೆಂದು ಹಾಗೆ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಚಾಳಿನ ಹೆಂಗಸರ ಮುಂದೆ ನೀವು "ನನ್ನ ಸೊಸೆ ತರುವ ಪ್ರಸಾದ" ಎನ್ನುತ್ತಿದ್ದಿರಲ್ಲ — ಆ ಮಾತು ನನಗೆ ಬೇಕಿತ್ತು. ಅದಕ್ಕಾಗಿ ನಿಮ್ಮ ಮಡಿಯನ್ನು ವಾರವಾರವೂ ಮುರಿದೆ. ಮಗಳು ಹುಟ್ಟಿದಾಗ ಅವಳ ನಾಲಿಗೆಗೂ ನೀವು ಅದನ್ನೇ ಸವರಿದಿರಿ. ಕೊನೆಯ ಕಾಯಿಲೆಯಲ್ಲಿ ಗಂಜಿ ಬೇಡವೆಂದವರು ಅದನ್ನು ಮಾತ್ರ ಕೇಳಿ ತಿಂದಿರಿ.

ಆಮೇಲೆ ನನ್ನ ಬದುಕು ಚೆನ್ನಾಗಿಯೇ ನಡೆಯಿತು. ಬಾಲವಾಡಿಯಲ್ಲಿ ಟೀಚರಾದೆ, ನನ್ನ ಕೈಯಲ್ಲಿ ಕೈ ತೊಳೆಯಲು ಕಲಿತವರು ಈಗ ತಮ್ಮ ಮಕ್ಕಳನ್ನು ತಂದು ಬಿಡುತ್ತಾರೆ. ಯಾವ ಮಗುವಿಗೂ ಸುಳ್ಳು ಹೇಳಿ ಉಣ್ಣಿಸಲಿಲ್ಲ. ನಿಮಗೊಬ್ಬರಿಗೇ.

ನಾಳೆ ನಿಮ್ಮ ತಿಥಿ. ಪ್ರತಿ ವರ್ಷ ನಾನು ಮಡಿಯುಟ್ಟು ಮನೆಯಲ್ಲೇ ಶೀರಾ ಮಾಡಿ ನಿಮ್ಮ ಎಲೆಗೆ ಬಡಿಸುತ್ತೇನೆ. ಎಲೆಯನ್ನು ಟೆರೇಸಿನಲ್ಲಿಟ್ಟರೆ ಕಾಗೆ ಕೂಡಲೇ ಬಂದು ಮುಟ್ಟುತ್ತದೆ. "ಅಮ್ಮನಿಗೆ ತೃಪ್ತಿಯಾಯ್ತು" ಎಂದು ನಿಮ್ಮ ಮಗ ಕೈಮುಗಿಯುತ್ತಾರೆ. ನಾನು ಉಳಿದವರಿಗೆ ಎಲೆ ಹಾಕಲು ಒಳಗೆ ಹೋಗುತ್ತೇನೆ.

ನಾಳೆ ಎಲೆ ಇಟ್ಟ ಮೇಲೆ, ಮಗಳೂ ಕೇಳುವ ಹಾಗೆ, ಬಾಯಿಬಿಟ್ಟು ಹೇಳುತ್ತೇನೆ. ಹೋದವರಿಗೆ ಹೇಳಿ ಏನು ಬಂತು ಎಂದು ಇವರು ಗೊಣಗುತ್ತಾರೆ, ಗೊಣಗಲಿ. ಕೇಳಿದ ಮೇಲೂ ಕಾಗೆ ಬಂದರೆ ಸಂತೋಷ. ಬಾರದಿದ್ದರೆ ಅಲ್ಲೇ ಕೂತಿರುತ್ತೇನೆ. ಎಷ್ಟೋ ಶನಿವಾರ ನೀವು ನನಗಾಗಿ ಉಪವಾಸ ಕಾದಿದ್ದೀರಿ. ನಾಳೆ ಕಾಗೆ ಮುಟ್ಟುವವರೆಗೆ ನಾನು ಉಣ್ಣುವುದಿಲ್ಲ.