ಬಳುವಳಿಗೆ ಹೋಗದ ಮಗಳು

ಗಂಗರತ್ನಮ್ಮ ಮಿಡಿಗೇಶಿಯಿಂದ ಪುರವರದ ಪಟೇಲ ಮುದ್ದಣ್ಣನ ಮನೆಗೆ ಅವನ ಹೆಂಡತಿಯಾಗಿ ಬಂದಾಗ ಮೊದಲ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ತವರಿನವರು ಅವಳ ಜೊತೆ ತಾಮ್ರದ ಹಂಡೆ, ಕರೆಯುವ ಹಸು ಮತ್ತು ಒಬ್ಬ ಹುಡುಗಿಯನ್ನು ಬಳುವಳಿಯಾಗಿ ಕಳಿಸಿದ್ದರು. ಹುಡುಗಿಯ ಹೆಸರು ನರಸಮ್ಮ. ಪುರವರದ ಅತ್ತೆಯ ಹೆಸರೂ ಅದೇ ಆಗಿತ್ತು. ತೊತ್ತಿಗೆ ತನ್ನ ಹೆಸರು ಇರಕೂಡದು ಎಂದು ಅತ್ತೆ ಹಟ ಹಿಡಿದಳು. ಅಂದಿನಿಂದ ಮನೆಮಂದಿಯೆಲ್ಲ ಹುಡುಗಿಯನ್ನು ಅವಳ ಊರಿನ ಹೆಸರಿನಿಂದ ಮಿಡಿಗೇಶಿ ಎಂದೇ ಕೂಗಿದರು.

ನರಸಮ್ಮ ಆ ಮನೆಯ ಕೊಟ್ಟಿಗೆಯಲ್ಲೇ ದೊಡ್ಡವಳಾದಳು. ಅದೇ ಮನೆಯ ಜೀತದ ಆಳು ಓಬಳೇಶನಿಗೆ ಅವಳನ್ನು ಗಂಟು ಹಾಕಿದರು. ಅವಳು ಮಗಳು ಚಿಕ್ಕಕ್ಕನನ್ನು ಹೆತ್ತ ವಾರದಲ್ಲೇ ಗಂಗರತ್ನಮ್ಮನಿಗೂ ಹೆಣ್ಣು ಹುಟ್ಟಿತು. ಒಡತಿಗೆ ಹಾಲು ಬರಲಿಲ್ಲ. ನರಸಮ್ಮನ ಎದೆಹಾಲನ್ನು ಒಡತಿಯ ಮಗಳು ಸರೋಜಮ್ಮ ಕುಡಿದಳು, ಚಿಕ್ಕಕ್ಕ ರಾಗಿ ಗಂಜಿ ಕುಡಿದು ಬೆಳೆದಳು. ಹಾಲು ಕೊಟ್ಟವಳೆಂಬ ಮುಲಾಜು ಒಡತಿಗೆ ಇರಲಿಲ್ಲ, ಬದಲಿಗೆ ಹೊಟ್ಟೆಯುರಿ ಇತ್ತು. ಮಗು ತನಗಿಂತ ತೊತ್ತಿಗೇ ಹೆಚ್ಚು ಅಂಟಿಕೊಂಡಿದೆ ಎಂದು ಒಂದು ಮಧ್ಯಾಹ್ನ ಕಾದ ಸೌಟನ್ನು ನರಸಮ್ಮನ ಮುಂಗೈ ಮೇಲಿಟ್ಟಳು. ನರಸಮ್ಮ ಅಳಲಿಲ್ಲ. ಒಡತಿ ಸತ್ತ ದಿನ ಹೊಟ್ಟೆ ತುಂಬ ಉಣ್ಣುತ್ತೇನೆ ಎಂದು ಗಂಡನ ಮುಂದೆ ಅಂದಳಂತೆ. ಓಬಳೇಶ ಪ್ಲೇಗಿನಲ್ಲಿ ತೀರಿಕೊಂಡ. ಸತ್ತ ಆಳಿನ ಬದಲು ಎತ್ತುಗಳ ಕೆಲಸವೂ ಅವಳ ಮೇಲೆಯೇ ಬಿತ್ತು.

ಸರೋಜಮ್ಮನಿಗೆ ಹೊಳವನಹಳ್ಳಿಯ ಪಾಲಪ್ಪನ ಮಗನ ಜೊತೆ ಮದುವೆ ಗೊತ್ತಾಯಿತು. ಚಿಕ್ಕಕ್ಕನನ್ನೂ ಜೊತೆಗೆ ಕಳಿಸುವುದೆಂದು ಗಂಗರತ್ನಮ್ಮ ಹೇಳಿದಳು, ತಾಯಿಯ ಒಪ್ಪಿಗೆ ಕೇಳಲಿಲ್ಲ. ನರಸಮ್ಮ ಒಲ್ಲೆ ಅಂದಳು. ಆ ಮನೆಯಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು. ಒಡತಿ ಚಿಕ್ಕಕ್ಕನನ್ನು ಕಾಳಿನ ಕೋಣೆಗೆ ಹಾಕಿ ಮದುವೆಯವರೆಗೆ ಬೀಗ ಜಡಿದಳು.

ಮದುವೆ ಮುಗಿದು ಬಳುವಳಿಯ ಪಾತ್ರೆಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟರು. ಚಿಕ್ಕಕ್ಕನಿಗೆ ಅರಿಸಿನ ಹಚ್ಚಿ ಅವುಗಳ ಪಕ್ಕದಲ್ಲಿ ನಿಲ್ಲಿಸಿದರು. ನೆಂಟರ ನಡುವೆ ನುಗ್ಗಿಕೊಂಡು ಬಂದ ನರಸಮ್ಮ ಮಗಳ ರಟ್ಟೆ ಹಿಡಿದುಕೊಂಡಳು. ಮೊದಲು ನೋಡಿದ್ದು ಮದುಮಗಳ ಮುಖವನ್ನು. ಹಾಲು ಕುಡಿದವಳು ತನ್ನ ಪರವಾಗಿ ಒಂದು ಮಾತಾದರೂ ಆಡಿಯಾಳು ಎಂದುಕೊಂಡಿದ್ದಳು.

ಸರೋಜಮ್ಮ, “ಅವಳನ್ನ ನಂಗೆ ಕೊಟ್ಟವ್ರೆ. ನಂಗೆ ಬೇಕು” ಅಂದಳು.

ನರಸಮ್ಮ ಅವಳತ್ತ ಮತ್ತೆ ತಿರುಗಲಿಲ್ಲ. ಮಗಳನ್ನು ಎಳೆದುಕೊಂಡೇ ವರನ ಅಪ್ಪ ಪಾಲಪ್ಪನ ಮುಂದೆ ಹೋಗಿ ನಿಂತಳು.

“ಬುದ್ದಿ, ಇವಳು ನಿಮ್ಮನೆಗೆ ಬಂದ್ರೆ ನಾನೂ ಬತ್ತೀನಿ. ಕೆಲ್ಸಕ್ಕಲ್ಲ. ನಿಮ್ಮ ಬಾಗ್ಲಾಗೆ ಕುಂತು, ಈ ಮನೆಯೋರು ನನ್ನ ಮಗಳ ಕಿತ್ಕೊಂಡವ್ರೆ ಅಂತ ಹೋಗೋರಿಗೂ ಬರೋರಿಗೂ ಹೇಳ್ತೀನಿ. ಹೊಡೆದ್ರೆ ಹೊಡಿಸ್ಕೋತೀನಿ, ಏಳಾಕಿಲ್ಲ.”

ಮುದ್ದಣ್ಣ ಎದ್ದು ಬಂದು ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು, ಆದರೂ ಅವಳು ಮಗಳನ್ನು ಹಿಡಿದ ಕೈ ಬಿಡಲಿಲ್ಲ. ಪಾಲಪ್ಪನಿಗೆ ಕನಿಕರವೇನೂ ಹುಟ್ಟಲಿಲ್ಲ. ನೆಂಟರೆಲ್ಲ ನೋಡುತ್ತಿದ್ದುದು ಅವನಿಗೆ ಮುಜುಗರವಾಯಿತು. “ರಕ್ತ ಸುರಿಸಿ ಕೊಡೋ ಆಳು ನಮಗ್ ಬ್ಯಾಡ. ಹಂಡೆ ಗಾಡಿಗೆ ಹಾಕ್ರಲಾ” ಎಂದ.

ಗಾಡಿಗಳು ಹೊರಟ ಮೇಲೆ ಗಂಗರತ್ನಮ್ಮ ತಾಯಿ ಮಗಳನ್ನು ಉಟ್ಟ ಬಟ್ಟೆಯಲ್ಲೇ ಹೊರಗೆ ಹಾಕಿದಳು. ಅವರಿಗೆ ಕೂಳು ಕೊಟ್ಟವರ ಹೊಲಕ್ಕೆ ನೀರು ಬಿಡುವುದಿಲ್ಲ ಎಂದು ಪಟೇಲ ಊರಲ್ಲಿ ಹೇಳಿಸಿದ. ಯಾರೂ ಬಾಗಿಲು ತೆರೆಯಲಿಲ್ಲ. ಇಬ್ಬರೂ ಮಧುಗಿರಿ ದಾಟಿ ಶಿರಾದವರೆಗೆ ನಡೆದರು. ಅಲ್ಲಿ ಕಂಬಳಿ ವ್ಯಾಪಾರದ ಬಾಷಾ ಸಾಬರ ಹಿತ್ತಲಲ್ಲಿ ಹೆಂಗಸರು ಉಣ್ಣೆ ಹಿಂಜುತ್ತಿದ್ದರು. ಸಾಬರ ಹೆಂಡತಿ ಅಮೀನಾಬಿ ಬಾಯಿ ಜೋರಿನವಳು. ಕೆಲಸ ಮಾಡಿದರೆ ಕೂಲಿ, ಇಲ್ಲದಿದ್ದರೆ ಇಲ್ಲ ಎಂದು ಗದರಿಯೇ ಸೇರಿಸಿಕೊಂಡಳು.

ಚಿಕ್ಕಕ್ಕನಿಗೆ ತಾಯಿ ಮಾಡಿದ್ದು ಹಿಡಿಸಿರಲಿಲ್ಲ. ಹೊಳವನಹಳ್ಳಿಯಲ್ಲಾದರೆ ಎರಡು ಹೊತ್ತು ಅನ್ನ ಸಿಗುತ್ತಿತ್ತು, ಇಲ್ಲಿ ಉಣ್ಣೆಯ ಧೂಳು ತಿನ್ನಬೇಕಾಯಿತು ಎಂದು ಹಂಗಿಸಿದಳು. ತಿಂಗಳುಗಟ್ಟಲೆ ಮಾತು ಬಿಟ್ಟಳು. ನರಸಮ್ಮ ಸಮಾಧಾನ ಹೇಳುವ ಹೆಂಗಸಲ್ಲ. ಬೇಕಾದರೆ ಹೋಗು, ದಾರಿ ಅಲ್ಲೇ ಇದೆ ಎಂದಳು.

ಒಂದು ಬೆಳಿಗ್ಗೆ ಚಿಕ್ಕಕ್ಕ ಏಳಲಿಲ್ಲ. ಜ್ವರವಿರಲಿಲ್ಲ, ಬೇಸರವಷ್ಟೆ. ಪಟೇಲನ ಮನೆಯಲ್ಲಿ ಆಗುತ್ತಿದ್ದಂತೆ ಯಾರೋ ಬಂದು ಜುಟ್ಟು ಹಿಡಿದು ಕೆಲಸಕ್ಕೆ ಎಳೆದೊಯ್ಯುತ್ತಾರೆಂದು ಗೋಡೆಗೆ ಒರಗಿ ಬಾಗಿಲು ನೋಡುತ್ತ ಕೂತಳು. ಹೊತ್ತು ಏರಿತು, ಇಳಿಯಿತು. ಯಾರೂ ಬರಲಿಲ್ಲ. ಮರುದಿನ ಹಿತ್ತಲಿಗೆ ಹೋದಾಗ ಅಮೀನಾಬಿ ನಿನ್ನೆಯ ಕೂಲಿ ಇಲ್ಲ ಎಂದಳು, ಬೇರೇನೂ ಕೇಳಲಿಲ್ಲ. ಚಿಕ್ಕಕ್ಕ ತಾಯಿಯ ಪಕ್ಕಕ್ಕೆ ಸರಿದು ಕೂತು ಉಣ್ಣೆಯ ರಾಶಿಗೆ ಕೈ ಹಾಕಿದಳು.