ಅಕ್ಕನ ಮೂಗು

ಉಗ್ರಾಣದಲ್ಲಿ ಆಲೂಗಡ್ಡೆ ಕೊಳೆಯಲು ಶುರುವಾದರೆ ಮೊದಲು ಗೊತ್ತಾಗುತ್ತಿದ್ದದ್ದು ಅಕ್ಕನ ಮೂಗಿಗೆ. ಆಮೇಲೆ ಇಲಿಗಳಿಗೆ, ಕೊನೆಗೆ ನಮಗೆ. ಬಾಗಿಲು ತೆರೆದು, ಹೊಸಿಲ ಮೇಲೆ ಕಣ್ಣು ಮುಚ್ಚಿ ನಿಂತು ಒಂದು ಉಸಿರು ಎಳೆದುಕೊಂಡರೆ ಸಾಕು, ನೇರ ಹೋಗಿ ಹುಲ್ಲಿನೊಳಗೆ ಕೈ ಹಾಕಿ ಆ ಒಂದೇ ಒಂದು ಕೆಟ್ಟ ಗಡ್ಡೆಯನ್ನು ಹೊರಗೆಳೆಯುತ್ತಿದ್ದಳು. "ಇವಳು ಪೊಲೀಸ್ ನಾಯಿ ಆಗಬೇಕಿತ್ತು, ತಪ್ಪಿ ನನ್ನ ಕೈಗೆ ಸಿಕ್ಕಿಬಿಟ್ಟಳು" ಎಂದು ಭಾವ ನಗುತ್ತಿದ್ದರು. ಹಾಗೆ ಅಂದ ದಿನ ಅವರಿಗೆ ಎರಡನೇ ಸಲ ಚಹಾ ಸಿಗುತ್ತಿರಲಿಲ್ಲ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ. ಅವಳ ಗಂಡ ಅಣ್ಣ, ನನ್ನ ಗಂಡ ತಮ್ಮ. ಒಂದೇ ಸೂರು, ಒಂದೇ ಒಲೆ. ಮನೆಯ ಹಿಂದೆ ಎರಡು ಎಕರೆಗೂ ಕಡಿಮೆ ಜಮೀನು, ಒಂದು ಬಾವಿ, ಒಂದು ಹಸು, ಹೇಳಿದ ಮಾತು ಕೇಳದ ಒಂದಷ್ಟು ಕೋಳಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವಳನ್ನು 'ನೀವು' ಅನ್ನುತ್ತಿದ್ದೆ. ಮೊದಲ ಜಗಳದಲ್ಲಿ ಅದು 'ನೀನು' ಆಯಿತು, ಆಮೇಲೆ ಹಿಂದಕ್ಕೆ ಹೋಗಲೇ ಇಲ್ಲ. ತೋಟ ಅವಳದು, ಅಡುಗೆಮನೆ ನನ್ನದು ಎಂದು ಗಡಿ ಹಾಕಿಕೊಂಡಿದ್ದೆವು. ಗಡಿ ದಾಟಿದವರಿಗೆ ಅಲ್ಲೇ ಮಂಗಳಾರತಿ ಆಗುತ್ತಿತ್ತು.

ಚಳಿಗಾಲದಲ್ಲಿ ತೋಟದವರಿಗೆ ಬಿಡುವು ಎಂದು ಪೇಟೆಯವರು ತಿಳಿದುಕೊಂಡಿರುತ್ತಾರೆ. ಅಂಥವರನ್ನು ಒಂದು ಮುಂಜಾನೆ ಕರೆತಂದು ನಮ್ಮ ಕೋಸಿನ ಮಡಿಯಲ್ಲಿ ನಿಲ್ಲಿಸಬೇಕು. ನೆಲ ಗಟ್ಟಿಯಾಗುವ ಮೊದಲೇ ಆಲೂಗಡ್ಡೆ ಅಗೆದು, ನೆರಳಲ್ಲಿ ಆರಿಸಿ, ಹುಲ್ಲಿನ ಮೇಲೆ ಹರಡಬೇಕು. ಈರುಳ್ಳಿಯನ್ನು ಜಡೆ ಹೆಣೆದು ತೊಲೆಗೆ ತೂಗುಹಾಕಬೇಕು. ಕ್ಯಾರೆಟ್ಟನ್ನು ಮರಳಿನಲ್ಲಿ ಹೂಳಬೇಕು. ಸಂಜೆಯಾದರೆ ಸಸಿಗಳಿಗೆ ಗೋಣಿಚೀಲ ಹೊದಿಸಬೇಕು, ಬಿಸಿಲೇರಿದ ಮೇಲೆ ತೆಗೆಯಬೇಕು, ಇಲ್ಲದಿದ್ದರೆ ಒಂದೇ ರಾತ್ರಿಯ ಹಿಮಕ್ಕೆ ಎಲೆಗಳೆಲ್ಲ ಬೆಂದಂತೆ ಕಪ್ಪಾಗುತ್ತವೆ. ಅಂಜೂರದ ಕೊಂಬೆ ಸವರುವುದು, ಗೊಬ್ಬರ ತಿರುವಿ ಹಾಕುವುದು, ಬಾವಿಯ ಹಗ್ಗ ಬದಲಾಯಿಸುವುದು, ಹೇಳುತ್ತಾ ಹೋದರೆ ನನಗೇ ಸುಸ್ತಾಗುತ್ತದೆ. ಇಷ್ಟನ್ನೂ ಅಕ್ಕ ಕೈ ಬಿರಿದು ರಕ್ತ ಬರುವ ತನಕ ಮಾಡಿ, ಒಳಗೆ ಬಂದು ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ತಪ್ಪು ಹುಡುಕುತ್ತಿದ್ದಳು. ಅದೂ ರುಚಿ ನೋಡದೆ, ಬರೀ ವಾಸನೆಯಲ್ಲಿ! ಸರಿಯಾಗಿಯೇ ಹೇಳುತ್ತಿದ್ದಳು ಅನ್ನುವುದೇ ನನ್ನ ಸಂಕಟ.

ಚಳಿ ಬಂದ ಮೇಲೆ ಮೊದಲ ಒಳ್ಳೆಯ ಬಿಸಿಲಿಗೆ ದೊಡ್ಡ ಟ್ರಂಕು ಅಂಗಳಕ್ಕೆ ಬರುತ್ತಿತ್ತು. ಕಂಬಳಿ, ಸ್ವೆಟರು, ಶಾಲು ಎಲ್ಲವನ್ನೂ ಕೊಡವಿ ಹಗ್ಗದ ಮೇಲೆ ಹರವುವುದು ನಮ್ಮಿಬ್ಬರ ಕೆಲಸ. ಟ್ರಂಕಿನ ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಅದರೊಳಗೆ ಒಂದು ಚಿಕ್ಕ ಕೆಂಪು ಉಣ್ಣೆಯ ಟೋಪಿ. ಅದಕ್ಕೆ ಬಿಸಿಲು ತೋರಿಸುವಂತಿಲ್ಲ. ಅಕ್ಕ ಮುಚ್ಚಳವನ್ನು ಒಂದು ಬದಿಗೆ ಎತ್ತಿ, ಸಂದಿಯಲ್ಲಿ ಮೂಗಿಟ್ಟು ಒಂದೇ ಒಂದು ಸಲ ಉಸಿರೆಳೆದು, ಕೂಡಲೇ ಮುಚ್ಚಿಬಿಡುತ್ತಿದ್ದಳು. ವರ್ಷಕ್ಕೆ ಅದೊಂದೇ ಸಲ.

"ಇನ್ನೊಂದು ಸಲ ನೋಡ್ಕೋ ಅಕ್ಕ, ಯಾರು ಬೇಡ ಅಂತಾರೆ?" ಎಂದು ಒಮ್ಮೆ ನಾನೇ ಹೇಳಿದ್ದೆ.

"ಬೇಡ ಕಣೆ. ಪದೇ ಪದೇ ತೆಗೆದರೆ ಖರ್ಚಾಗಿ ಹೋಗುತ್ತೆ" ಅಂದಿದ್ದಳು.

ಆ ಟೋಪಿ ಅವಳ ಮಗಳದ್ದು. ನಾನು ಈ ಮನೆಗೆ ಬಂದಾಗ ಆ ಮಗು ಇನ್ನೂ ಸರಿಯಾಗಿ ಓಡಲು ಕಲಿತಿರಲಿಲ್ಲ, ಮಾತು ಮಾತ್ರ ಊರಿಗೆಲ್ಲ ಸಾಕಾಗುವಷ್ಟಿತ್ತು. ಚಿನಕುರುಳಿ ಎಂದು ನಾನೇ ಹೆಸರಿಟ್ಟೆ, ಅದೇ ಗಟ್ಟಿಯಾಯಿತು. ಅಮ್ಮನ ಕೆಲಸ ಮುಗಿಯುವ ತನಕ ನನ್ನ ಸೆರಗಿಗೆ ಜೋತುಬಿದ್ದಿರುತ್ತಿದ್ದಳು. ಮರಳಿನಿಂದ ಕ್ಯಾರೆಟ್ ಕದ್ದು, ಲಂಗದಲ್ಲಿ ಒರೆಸಿ, ಮಣ್ಣಿನ ಸಮೇತ ಕಚ್ಚುತ್ತಿದ್ದಳು. ಬೈದರೆ, "ಚಿಕ್ಕಮ್ಮ, ಅದೇ ಬಾ ಅಂತ ಕರೀತು" ಎಂದು ನನಗೇ ಕತೆ ಹೇಳುತ್ತಿದ್ದಳು. ಶಾಲೆಗೆ ಸೇರಿಸಿದ ವರ್ಷ, ಇಂಥದೇ ಚಳಿಯಲ್ಲಿ, ಜ್ವರ ಎದೆಗೆ ಇಳಿಯಿತು. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ಮತ್ತೆ ಬಂದರು. ಕೊನೆಯ ರಾತ್ರಿ ಕಿವಿ ತಣ್ಣಗಾಗುತ್ತದೆ ಎಂದು ಟೋಪಿ ತೆಗೆಯಲು ಬಿಡಲಿಲ್ಲ ಮಗು. ಬೆಳಗ್ಗೆ ಅದನ್ನು ತೆಗೆದವಳು ಅಕ್ಕ. ಒಗೆಯಲಿಲ್ಲ. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ, ನನಗೂ ಆಗಲಿಲ್ಲ. ಈ ಮನೆಯಲ್ಲಿ ಹುಟ್ಟಿದ್ದು ಅದೊಂದೇ.

ಈ ವರ್ಷ ಚಳಿಗೆ ಮುಂಚೆ ಊರಿಗೆಲ್ಲ ಒಂದು ಜ್ವರ ಬಂತು. ನಾವು ನಾಲ್ವರೂ ಸಾಲಾಗಿ ಮಲಗಿ ಎದ್ದೆವು. ಅಕ್ಕ ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದಳು. ಅವಳಿಗೆ ಏನೂ ಆಗಿಲ್ಲ ಎಂದೇ ನಾನು ತಿಳಿದೆ.

ಮೊದಲು ವ್ಯತ್ಯಾಸ ಕಂಡದ್ದು ನಮ್ಮವರಿಗೆ. ಬಣವೆಯ ಹಿಂದೆ ಕದ್ದು ಸಿಗರೇಟು ಸೇದುವ ಚಾಳಿ ಇವರದು. ಸೇದಿದ ಪ್ರತಿ ಸಲ ಅಕ್ಕ ಕೊಟ್ಟಿಗೆಯಿಂದಲೇ ಕೂಗಿ ಮರ್ಯಾದೆ ತೆಗೆಯುತ್ತಿದ್ದಳು. ಈಗ ಅವಳ ಪಕ್ಕದಲ್ಲೇ ಹಾದುಹೋದರೂ ಚಕಾರವಿಲ್ಲ. "ಅತ್ತಿಗೆ ಈಗ ಸ್ವಲ್ಪ ಮೆತ್ತಗಾಗಿದ್ದಾರೆ" ಎಂದು ಇವರು ಹಿಗ್ಗಿದ್ದೇ ಹಿಗ್ಗಿದ್ದು. ಬುದ್ಧಿ ಇದ್ದಿದ್ದರೆ ಅಲ್ಲಿಗೇ ಅನುಮಾನ ಬರಬೇಕಿತ್ತು. ನನಗಾದರೂ ಬರಬೇಕಿತ್ತು, ಯಾಕೆಂದರೆ ಹೊಸ ವಿಚಿತ್ರವೊಂದು ಶುರುವಾಗಿತ್ತು. ಅಕ್ಕ ಟ್ರಂಕು ಹೊರಗಿಡಲು ಒಪ್ಪುತ್ತಿರಲಿಲ್ಲ.

"ಇವತ್ತು ಮೋಡ ಇದೆ" ಅನ್ನುತ್ತಿದ್ದಳು, ಬಿಸಿಲು ಕಣ್ಣು ಕುಕ್ಕುತ್ತಿರುವಾಗ.

"ಎಲ್ಲಿದೆ ಮೋಡ? ತೋರಿಸು ನೋಡೋಣ! ನಾವೆಲ್ಲ ಹಾಳು ದುಪ್ಪಟಿಯೊಳಗೆ ನಡುಗಿ ಸಾಯಬೇಕಾ?"

"ನಾಳೆ ನೋಡೋಣ ಕಣೆ, ಇವತ್ತು ಈರುಳ್ಳಿ ಇದೆ."

ಈರುಳ್ಳಿ ಮುಗಿದರೆ ಅಂಜೂರ, ಅಂಜೂರ ಮುಗಿದರೆ ಗೊಬ್ಬರ. ಭಾವನೋ, ಹೆಂಡತಿ ಎಳೆದ ಗೆರೆ ದಾಟದ ಮನುಷ್ಯ, ಎರಡು ಅಂಗಿ ಹಾಕಿಕೊಂಡು ಮಲಗುತ್ತಿದ್ದರು. ಹಟಮಾರಿ, ವಯಸ್ಸಾದಂತೆ ಹಟವೂ ಬಲಿಯುತ್ತಿದೆ ಎಂದು ನಾನು ಒಲೆಯ ಮುಂದೆ ಕೂತು ಗೊಣಗಿದೆ.

ಆಮೇಲೊಂದು ಬೆಳಗ್ಗೆ ಬುಟ್ಟಿ ಬೇಕೆಂದು ಉಗ್ರಾಣಕ್ಕೆ ಹೋದೆ. ಅದರ ಬೀಗದ ಕೈ ಯಾವಾಗಲೂ ಅಕ್ಕನ ಸೊಂಟದಲ್ಲಿ. ಬೇಕಾದಷ್ಟು ಗಡ್ಡೆ ಅವಳೇ ಬಾಗಿಲ ಹತ್ತಿರದ ರಾಶಿಯಿಂದ ತೆಗೆದುಕೊಡುತ್ತಿದ್ದಳು, ನಾನು ಒಳಗೆ ಕಾಲಿಡುವ ಪ್ರಸಂಗವೇ ಇರಲಿಲ್ಲ. ಅಂದು ಅವಳು ಬಾಗಿಲು ತೆರೆದು, ಎಂದಿನಂತೆ ಕಣ್ಣು ಮುಚ್ಚಿ ನಿಂತು, "ಎಲ್ಲ ಸರಿಯಾಗಿದೆ" ಅಂದಳು. ಹಿಂದೆ ನಿಂತಿದ್ದ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಯ್ಯೋ, ಆ ನಾತ! ಒಳಗೆ ನುಗ್ಗಿ ಹುಲ್ಲು ಸರಿಸಿದರೆ ಹಿಂದಿನ ರಾಶಿ ಪೂರ್ತಿ ನೀರಾಗಿ ಕಪ್ಪಗೆ ಹರಿಯುತ್ತಿತ್ತು. ಬಿತ್ತನೆಗೆ ಇಟ್ಟ ಗಡ್ಡೆಯೂ ಅದರಲ್ಲೇ ಇತ್ತು.

ನಾನು ಸುಮ್ಮನಿರುವ ಹೆಂಗಸಲ್ಲ. "ದಿನಾ ಇಲ್ಲಿ ಕಣ್ಣು ಮುಚ್ಕೊಂಡು ಯಾವ ತಪಸ್ಸು ಮಾಡ್ತಿದ್ದೆ? ನಾಲ್ಕು ಜನರ ಅನ್ನ ಇದು! ಮೂಗು ಯಾರಿಗೆ ಅಡ ಇಟ್ಟು ಬಂದೆ?" ಎಂದು ಊರಿಗೇ ಕೇಳುವಂತೆ ಕೂಗಾಡಿದೆ.

ಇಷ್ಟು ವರ್ಷದಲ್ಲಿ ನನ್ನ ಒಂದು ಮಾತಿಗೂ ಉತ್ತರ ಬಾಕಿ ಉಳಿಸಿಕೊಳ್ಳದವಳು ನೆಲದ ಮೇಲೆ ಕೂತು ಬರಿಗೈಯಲ್ಲಿ ಒಳ್ಳೆಯದು ಕೆಟ್ಟದ್ದು ಆರಿಸತೊಡಗಿದಳು. ಕೈಯಲ್ಲಿ ಕುಸಿದುಹೋದ ಒಂದು ಗಡ್ಡೆಯನ್ನು ಮೂಗಿನ ಹತ್ತಿರ ಹಿಡಿದು ಎದೆತುಂಬ ಉಸಿರೆಳೆದಳು. ಮುಖದಲ್ಲಿ ಒಂದು ನೆರಿಗೆಯೂ ಏಳಲಿಲ್ಲ.

"ಅಕ್ಕ," ಅಂದೆ. "ಯಾವಾಗಿನಿಂದ?"

"ಜ್ವರ ಬಂತಲ್ಲ, ಆವಾಗಿನಿಂದ."

"ಡಾಕ್ಟರ ಹತ್ತಿರ ಹೋಗಬಾರದಿತ್ತಾ?"

"ಹೋಗಿದ್ದೆ. ಕತ್ತರಿ ಸಾಣೆ ಹಿಡಿಸೋಕೆ ಅಂತ ಪೇಟೆಗೆ ಹೋದೆನಲ್ಲ, ಆ ದಿನ. ವಾಪಸ್ಸು ಬರಬಹುದು, ಬರದೆಯೂ ಇರಬಹುದು, ಕಾದು ನೋಡಿ ಅಂದರು." ಸ್ವಲ್ಪ ಹೊತ್ತು ಆರಿಸಿ, "ಆಲೂಗಡ್ಡೆ ಮುಂದಿನ ವರ್ಷ ಮತ್ತೆ ಬೆಳೆಯುತ್ತೆ ಬಿಡು" ಎಂದು ಸೇರಿಸಿದಳು.

ಮತ್ತೆ ಬೆಳೆಯದೆ ಇರುವುದು ಯಾವುದು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಟ್ರಂಕು ಯಾಕೆ ಹೊರಗೆ ಬರುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು. ಇಷ್ಟು ದಿನ ಅವಳ ಮೇಲೆ ಹಾರಾಡಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು. ಸೆರಗು ಸಿಕ್ಕಿಸಿ ಅವಳ ಪಕ್ಕದಲ್ಲಿ ಕೂತು ನಾನೂ ಆರಿಸಿದೆ. ಉಳಿದದ್ದು ನಾಲ್ಕು ಬುಟ್ಟಿ.

ಅಂದಿನಿಂದ ಅವಳ ಮೂಗು ಎಬ್ಬಿಸುವುದು ನನ್ನ ಕೆಲಸವಾಯಿತು. ಬೆಳಗ್ಗೆ ಎದ್ದ ಕೂಡಲೇ ಅವಳ ಕಣ್ಣು ಮುಚ್ಚಿಸಿ ಜಜ್ಜಿದ ಬೆಳ್ಳುಳ್ಳಿ ಹಿಡಿಯುತ್ತಿದ್ದೆ, ಆಮೇಲೆ ಸೀಮೆಎಣ್ಣೆ, ನಿಂಬೆಸಿಪ್ಪೆ, ಕಾಸಿದ ಬೆಣ್ಣೆ.

"ಏನಾದರೂ?"

"ಏನಿಲ್ಲ."

ಒಂದು ದಿನ ಕೊಟ್ಟಿಗೆಯಿಂದ ಒಂದು ಹಿಡಿ ತಂದು ಹಿಡಿದಾಗ, "ಸಗಣಿ!" ಎಂದು ಕೂಗಿದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ನೋಡಿದರೆ ಒಂದು ಕಣ್ಣು ಅರ್ಧ ತೆರೆದಿತ್ತು. "ಕಳ್ಳಿ!" ಎಂದು ಬೈದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗುತ್ತಲೇ ಅವಳು ಎದ್ದು ಗೋಣಿಚೀಲ ತೆಗೆಯಲು ತೋಟಕ್ಕೆ ಹೋದಳು. ಕಿಟಕಿಯಿಂದ ನೋಡಿದೆ. ಕೋಸಿನ ಮಡಿಯಲ್ಲಿ ನಿಂತು ಎರಡು ಕೈಯಿಂದಲೂ ಮೂಗನ್ನು ಉಜ್ಜಿಕೊಳ್ಳುತ್ತಿದ್ದಳು.

ಚಳಿ ಇನ್ನೇನು ಹಿಂದೆ ಸರಿಯುವ ಹೊತ್ತಿಗೆ, ಗಂಡಸರಿಬ್ಬರೂ ಕೋಸು ಮಾರಲು ಹೋಗಿದ್ದ ಒಂದು ಬೆಳಗ್ಗೆ, ಟ್ರಂಕು ಎಳೆಯುವ ಸದ್ದಾಯಿತು. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. ಇಬ್ಬರೂ ಕಂಬಳಿ ಕೊಡವಿ ಹರವಿದೆವು. ಆಮೇಲೆ ಅವಳು ಮೆಟ್ಟಿಲ ಮೇಲೆ ಕೂತು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು.

ಮುಚ್ಚಳ ಸ್ವಲ್ಪವೇ ಎತ್ತಿ ಉಸಿರೆಳೆದಳು. ಕಾದಳು. ಇನ್ನೊಮ್ಮೆ ಎಳೆದಳು. ಆಮೇಲೆ ಮುಚ್ಚಳವನ್ನೇ ತೆಗೆದು ಪಕ್ಕಕ್ಕಿಟ್ಟು, ಟೋಪಿಯನ್ನು ಕೈಗೆ ತೆಗೆದುಕೊಂಡು ಮುಖವನ್ನೇ ಅದರೊಳಗೆ ಹುದುಗಿಸಿದಳು. ಅವಳ ಭುಜ ಏರಿ ಇಳಿಯುವುದನ್ನು ನೋಡುತ್ತಾ ನಾನು ಕಂಬದಂತೆ ನಿಂತಿದ್ದೆ.

ಕೊನೆಗೆ ತಲೆ ಎತ್ತಿ ಟೋಪಿಯನ್ನು ನನ್ನ ಕಡೆ ಚಾಚಿದಳು. "ನೀನು ನೋಡೇ. ಇದೆಯಾ ಹೇಳು."

ಇಷ್ಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ, ಭಾವ ಕೂಡ. ನಾನು ಎರಡು ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡೆ. ತುಕ್ಕು ಹಿಡಿದ ತಗಡಿನ ವಾಸನೆ, ಹಳೆಯ ಉಣ್ಣೆಯ ವಾಸನೆ. ಇನ್ನೇನೂ ಇರಲಿಲ್ಲ.

"ಇದೆ ಅಕ್ಕ" ಅಂದೆ.

"ನನ್ನ ಸಮಾಧಾನಕ್ಕೆ ಹೇಳಬೇಡ. ಇದ್ದರೆ ಹೇಗಿದೆ ಅಂತ ಹೇಳು."

ನಾನು ಅವಳ ಹಾಗೆ ಕಣ್ಣು ಮುಚ್ಚಿಕೊಂಡೆ. "ತಲೆಗೆ ಹಚ್ಚಿದ ಎಣ್ಣೆ," ಅಂದೆ. "ಒಲೆ ಮುಂದೆ ಕೂತು ಕೂದಲು ಒಣಗಿಸ್ತಿದ್ದಳಲ್ಲ, ಆ ಹೊಗೆ. ಕಿವಿ ಹತ್ತಿರ ಸ್ವಲ್ಪ ಹಾಲು, ಕುಡಿಯುವಾಗ ಯಾವಾಗಲೂ ಚೆಲ್ಲಿಕೊಳ್ಳೋಳು. ಹಸಿ ಕ್ಯಾರೆಟ್ಟು. ಮಣ್ಣು." ಕಣ್ಣು ಮುಚ್ಚಿಯೇ ಮತ್ತೊಂದು ಸಲ ಉಸಿರೆಳೆದುಕೊಂಡೆ.

"ಹೂಂ," ಅಂದಳು ಅಕ್ಕ. "ಕ್ಯಾರೆಟ್ಟು. ಹೌದು, ಹೌದು ಕಣೆ." ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಆಮೇಲೆ ತಟ್ಟನೆ ಕೈ ಚಾಚಿ ಟೋಪಿಯನ್ನು ನನ್ನ ಮುಖದಿಂದ ಕಿತ್ತುಕೊಂಡಳು.

"ಸಾಕು ಬಿಡೇ! ಎಷ್ಟು ಅಂತ ಎಳ್ಕೊಳ್ತೀಯ? ಖರ್ಚಾಗಿ ಹೋಗುತ್ತೆ. ಮುಂದಿನ ವರ್ಷಕ್ಕೂ ಬೇಕು."

ಟೋಪಿಯನ್ನು ಮಡಚಿ ಡಬ್ಬಿಯಲ್ಲಿಟ್ಟು ಮುಚ್ಚಳವನ್ನು ಎರಡು ಹೆಬ್ಬೆರಳಿನಿಂದ ಒತ್ತಿ ಹಾಕಿದಳು.