ಊರು ಅಂದರೆ ಪಟೇಲ

ಮಾತು ಶುರುಮಾಡುವ ಮುಂಚೆ ಪಟೇಲ ಎರಡು ಬೆರಳು ತುಟಿಗೆ ಒತ್ತಿ, ಎಲೆಯಡಿಕೆಯ ರಸವನ್ನು ಜಗಲಿಯ ಕೆಳಗೆ ಪಿಚಕ್ಕನೆ ಉಗಿಯುತ್ತಿದ್ದ. ಅಲ್ಲಿನ ಕಲ್ಲೇ ಕೆಂಪಾಗಿತ್ತು. ಎದುರಿಗೆ ನಿಂತವರು ಸೆರಗೋ ಪಂಚೆಯೋ ಹಿಂದಕ್ಕೆ ಎಳೆದುಕೊಳ್ಳಬೇಕು. ಆತ ಮಾತ್ರ ಪಕ್ಕಕ್ಕೆ ತಿರುಗುವವನಲ್ಲ. ಉತ್ತರ ಕೊಡಗಿನ ನಮ್ಮ ಊರಿನಲ್ಲಿ ಎಲ್ಲರೂ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಎದುರಿಗೆ ನಾನೂ ಹಾಗೆಯೇ ಮಾಡಿದ್ದೇನೆ. ಬರೆಯುವಾಗ ಆ ಹಂಗಿಲ್ಲ.

ಆತನ ಬಾಯಲ್ಲಿ 'ನಾನು' ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ. ಅವನಿಗೆ ಬೇಡವಾದದ್ದು ಊರಿಗೆ ಬೇಡ, ಅವನಿಗೆ ಸಿಟ್ಟು ಬಂದರೆ ಊರಿಗೆ ಸಿಟ್ಟು. ಪಂಚಾಯ್ತಿ ಕಟ್ಟೆಯ ಮೇಲೆ ತನ್ನ ತೀರ್ಮಾನ ಹೇಳಿ, "ಬ್ಯಾಡ ಅನ್ನೋರು ಎದ್ದು ನಿಲ್ರಪ್ಪ" ಎನ್ನುತ್ತಿದ್ದ. ಯಾರು ಏಳುತ್ತಾರೆ? ಅಲ್ಲಿಗೆ ಊರು ಒಪ್ಪಿದಂತೆ. ಮಡಿಕೇರಿಯಿಂದ ಸಾಹೇಬ ಕುದುರೆಯೇರಿ ಬಂದಾಗಲೂ ಊರಿನ ಮನಸ್ಸನ್ನೆಲ್ಲ ಆತನೇ ಹೇಳಿ ಮುಗಿಸುತ್ತಿದ್ದ, ಸಾಹೇಬ ಅದನ್ನೇ ಬರೆದುಕೊಂಡು ಹೋಗುತ್ತಿದ್ದ.

ನನ್ನ ಅಕ್ಕ ಸಿಡುಬಿನಲ್ಲಿ ಹೋದ ಮರುವರ್ಷ, ಸಿಡುಬು ಬಾರದಂತೆ ತೋಳಿಗೆ ದಾಕು ಹಾಕುವ ಸರ್ಕಾರದವರು ಬಂದರು. ಮಾರಮ್ಮನಿಗೆ ಕೋಪ ಬರುತ್ತದೆ, ಊರಿಗೆ ದಾಕು ಬೇಡ ಎಂದು ಪಟೇಲ ಸಾರಿದ್ದ. ಒಬ್ಬ ಮಗಳನ್ನು ಮಣ್ಣು ಮಾಡಿದ್ದ ಅಪ್ಪ ಕೇಳಲಿಲ್ಲ. ನನಗೂ ತಮ್ಮನಿಗೂ ಹಾಕಿಸಿದ. ಮೂರನೆಯ ದಿನ ಕಟ್ಟೆಯಲ್ಲಿ ತೀರ್ಮಾನವಾಯಿತು: ನಮ್ಮ ಗದ್ದೆಗೆ ಮುಯ್ಯಾಳಿಲ್ಲ.

ಮುಯ್ಯಾಳೆಂದರೆ ಇವತ್ತು ಅವರ ನಾಟಿಗೆ ನಾವು, ನಾಳೆ ನಮ್ಮ ನಾಟಿಗೆ ಅವರು. ಕೂಲಿ ಕೊಟ್ಟು ಆಳು ಕರೆಸುವ ಮನೆಯಲ್ಲ ನಮ್ಮದು. ಮಡಿಯಲ್ಲಿ ಸಸಿ ಬಲಿಯುತ್ತಿತ್ತು. ಇನ್ನೊಂದು ವಾರ ಕಳೆದರೆ ನೆಟ್ಟೂ ಪ್ರಯೋಜನವಿಲ್ಲ. ಆಗ ನನಗೆ ಹದಿನೆಂಟು. ಯಾರ್ಯಾರ ಗದ್ದೆಯಲ್ಲಿ ಸೊಂಟ ಬಗ್ಗಿಸಿದ್ದೆನೋ ಆ ಹನ್ನೊಂದು ಮನೆಗೂ ಹೋದೆ.

"ನಾನೇನು ಬ್ಯಾಡ ಅಂದ್ನಾ ಮಗಾ? ಊರು ಅಂದೈತೆ," ಎಂದಳು ಮೊದಲ ಮನೆಯ ಅಜ್ಜಿ. ಎರಡನೆಯ ಮನೆಯಲ್ಲೂ ಅದೇ ಮಾತು. ಕೊನೆಯ ಮನೆಯಾಕೆ ಅತ್ತೂ ಬಿಟ್ಟಳು, ಆದರೆ ಗದ್ದೆಗೆ ಬರಲಿಲ್ಲ. ಸಿಟ್ಟು ನೆತ್ತಿಗೇರಿ ನೇರ ಪಟೇಲನ ಜಗಲಿಗೆ ನಡೆದೆ.

"ಯಾರು ಅಂದಿದ್ದು ಪಟೇಲ್ರೆ? ಒಂದು ಹೆಸ್ರು ಹೇಳಿ."

ಆತ ಉಗಿದು, ಸಾವಕಾಶವಾಗಿ ಬಾಯಿ ಒರೆಸಿಕೊಂಡ. "ಹೆಸ್ರು ಎಲ್ಲೈತವ್ವ? ಊರು ಅಂದ್ಮೇಲೆ ಊರು. ಯಾರೂ ಎದ್ದು ನಿಲ್ಲಲಿಲ್ಲ."

"ಸುಮ್ನೆ ಕೂತಿದ್ರೆ ಒಪ್ಪಿದ್ರು ಅಂತಲಾ?"

"ಹೋದೊರ್ಷ ಆ ಬಡಗೀನ ಊರು ಬಿಡಿಸ್ದಾಗ ನಿಮ್ಮಪ್ಪ ಏನ್ ಮಾಡ್ತಿದ್ದ, ಹೋಗಿ ಕೇಳು. ಕಟ್ಟೇಲಿ ಮುಂದೇನೇ ಕೂತಿದ್ದ. ಅವತ್ತು ಅವನೂ ಊರೇ."

ಮನೆಗೆ ಬಂದು ಕೇಳಿದೆ. ಅಪ್ಪ ನೊಗಕ್ಕೆ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. "ಕೂತಿದ್ದೆ ಕಣವ್ವ," ಎಂದ. "ಬಡಗಿ ನನ್ನನ್ನೇ ನೋಡ್ತಿದ್ದ."

ಅಪ್ಪ, ಅವ್ವ, ನಾನು ಮೂವರೇ ನೆಟ್ಟೆವು. ಅರ್ಧ ಗದ್ದೆ ಮುಗಿಯುವಷ್ಟರಲ್ಲಿ ಸಸಿ ಬಲಿತುಹೋಯಿತು. ಉಳಿದ ಸಸಿಯನ್ನು ಕಿತ್ತು ದನಕ್ಕೆ ಹಾಕಿದೆವು. ಆ ವರ್ಷ ಅನ್ನ ಉಂಡ ದಿನಗಳು ಕಡಿಮೆ.

ಯಾರಾದರೂ 'ಅವರೆಲ್ಲ ಹಾಗೆಯೇ' ಎಂದರೆ ಇವತ್ತಿಗೂ ನಾನು ಹೆಸರು ಕೇಳುತ್ತೇನೆ. 'ಎಲ್ಲರೂ' ಎಂದಾಗ ಅದರಲ್ಲಿ ನಾನೂ ಸುಮ್ಮನೆ ಕೂತಿದ್ದೇನೋ ಎಂದು ನೋಡಿಕೊಳ್ಳುತ್ತೇನೆ. ಇದನ್ನು ನನಗೆ ಕಲಿಸಿದ್ದು ಆ ಮನುಷ್ಯ ಎನ್ನುವುದು ಇನ್ನೂ ನುಂಗಲಾರದ ತುತ್ತು. ಅದನ್ನು ಋಣ ಎನ್ನುವವರು ಅನ್ನಲಿ. ಅವನನ್ನು ನಾನು ಕ್ಷಮಿಸಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಪಟೇಲ ಜ್ವರದಲ್ಲಿ ಸತ್ತ. ಊರಿಗೆ ಊರೇ ಅತ್ತಿತು ಎಂದು ಈಗಲೂ ಹೇಳುತ್ತಾರೆ. ಹೆಣ ಊರು ದಾಟುವವರೆಗೆ ಯಾರ ಮನೆಯಲ್ಲೂ ಒನಕೆ ಎತ್ತುವ ಹಾಗಿಲ್ಲ. ನಾನು ಬಾಗಿಲು ತೆರೆದಿಟ್ಟು ಭತ್ತ ಕುಟ್ಟಿದೆ.